ಬಣ್ಣ, ಅಳತೆ, ಲಿಪಿ: ಆಯ್ಕೆ ಓದುವವರದಾಗಲಿ

ಗಡಿನಾಡಿನ ಕನ್ನಡಿಗರನ್ನು ಮುಂದಿಟ್ಟುಕೊಂಡು ಜಾಲತಾಣಗಳ ಥೀಮ್ ವ್ಯವಸ್ಥೆಯ ಒಂದು ಸಮೀಕ್ಷೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲ್ಲೂಕು ಇವೆಲ್ಲ ಆಂಧ್ರಪ್ರದೇಶದ ಪಾಲಾದವು. 2014ರಲ್ಲಿ ತೆಲಂಗಾಣ ಹುಟ್ಟಿತು. 2016ರ ಜಿಲ್ಲಾ ಪುನರ್ವಿಂಗಡಣೆಯ ನಂತರ ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದಿನಲ್ಲಿದೆ. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಹೋದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮತ್ತು ದಖ್ಖನಿ ಎಂಬ ಬದುಕು ಈ ಸೀಮೆಯಲ್ಲಿ ಉಳಿದುಬಂದಿದೆ. ಬದಲಾಗಿರುವುದು ಸರ್ಕಾರದ ಬಾಗಿಲು. ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ ಎಲ್ಲವೂ ಈಗ ಪರದೆಯ ಮೇಲೆ ಬರುತ್ತವೆ.

ಆ ಪರದೆ ಯಾವ ಬಣ್ಣದಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು, ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದನ್ನು ಯಾರು ನಿರ್ಧರಿಸಬೇಕು? ಜಾಲತಾಣ ಕಟ್ಟುವವರ ಭಾಷೆಯಲ್ಲಿ ಇದು ಬಳಕೆದಾರರೇ ಆರಿಸಿಕೊಳ್ಳುವ ಥೀಮ್‌ಗಳ ಪ್ರಶ್ನೆ. ಇದನ್ನು ಅಲಂಕಾರದ ವಿಷಯವೆಂದು ಕೊನೆಗೆ ತಳ್ಳುವುದು ರೂಢಿ. ಗಡಿಭಾಗದ ಓದುಗರನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಓದುವ ಹಕ್ಕಿನ ಪ್ರಶ್ನೆ, ಟೆಂಪ್ಲೇಟಿನ ಮೊದಲ ಸಾಲಿನಿಂದಲೇ ಉತ್ತರಿಸಬೇಕಾದ ಪ್ರಶ್ನೆ.

ಥೀಮ್ ಆರಿಸುವವರು ಯಾರು

ಈ ಚರ್ಚೆ ಜಾಲದಷ್ಟೇ ಹಳೆಯದು. 1994ರ ಅಕ್ಟೋಬರಿನಲ್ಲಿ ಹೋಕನ್ ವಿಯುಮ್ ಲೀ ಅವರು ಪುಟದ ರೂಪ ಗೊತ್ತುಮಾಡುವ ಭಾಷೆಯಾದ ಸಿಎಸ್ಎಸ್‌ನ ಮೊದಲ ಪ್ರಸ್ತಾವ ಬರೆದಾಗ ಪುಟದ ರೂಪದ ಮೇಲೆ ಬರೆದವರಿಗೂ ಓದುವವರಿಗೂ ಪಾಲಿರಬೇಕೆಂಬುದೇ ಅದರ ಜೀವಾಳವಾಗಿತ್ತು. 1996ರ ಡಿಸೆಂಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲಿ, ಇಬ್ಬರೂ ತಮ್ಮ ಮಾತೇ ಮುಖ್ಯವೆಂದು ಗುರುತು ಹಾಕಿದರೆ ಬರೆದವರದೇ ಗೆಲ್ಲುತ್ತಿತ್ತು. 1998ರ ಎರಡನೆಯ ಆವೃತ್ತಿ ಅದನ್ನು ತಿರುಗಿಸಿ ಕೊನೆಯ ಮಾತನ್ನು ಓದುಗರಿಗೆ ಕೊಟ್ಟಿತು. ಒಂದೇ ಪುಟಕ್ಕೆ ಹಲವು ಪರ್ಯಾಯ ಸ್ಟೈಲ್‌ಶೀಟ್ ಜೋಡಿಸುವ ಅವಕಾಶ ಎಚ್‌ಟಿಎಂಎಲ್ 4ರಲ್ಲೇ ಇತ್ತು. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್ಎಸ್ ಝೆನ್ ಗಾರ್ಡನ್, ಎಚ್‌ಟಿಎಂಎಲ್‌ನ ಒಂದಕ್ಷರವನ್ನೂ ಮುಟ್ಟದೆ ಒಂದೇ ಪುಟವನ್ನು ಹತ್ತಾರು ರೂಪಗಳಲ್ಲಿ ತೋರಿಸಬಹುದೆಂದು ಜಗತ್ತಿಗೆ ಕಾಣಿಸಿತು.

ಆದರೆ ಬಳಕೆಗೆ ಬಂದ ವ್ಯವಸ್ಥೆಗಳು ಮೂರು ಬೇರೆ ಬೇರೆ ದಾರಿ ಹಿಡಿದವು. 2005ರ ಫೆಬ್ರವರಿಯಲ್ಲಿ ವರ್ಡ್‌ಪ್ರೆಸ್ 1.5 ಥೀಮ್‌ಗಳನ್ನು ತಂದಿತು. ಅಲ್ಲಿ ಆಯ್ಕೆ ತಾಣದ ಒಡೆಯನದು. ಓದುಗ ಕೊಟ್ಟದ್ದನ್ನು ನೋಡಬೇಕು. ಶಾಲೆ ಕಾಲೇಜುಗಳು ಪಾಠಕ್ಕೆ ಬಳಸುವ ಮೂಡಲ್‌ನದು ನಡುವಿನ ದಾರಿ. ಕೋರ್ಸ್, ವಿಭಾಗ, ಬಳಕೆದಾರ, ತಾಣ ಎಂದು ಅನೇಕ ಹಂತಗಳಲ್ಲಿ ಥೀಮ್ ಇಡಬಹುದು, ಯಾವುದು ಯಾವುದನ್ನು ಮೀರುತ್ತದೆ ಎಂಬ ಕ್ರಮವೂ ಅದರಲ್ಲಿದೆ. ಆದರೆ ಬಳಕೆದಾರರಿಗೆ ಆಯ್ಕೆ ಸಿಗುವುದು ನಿರ್ವಾಹಕರು ಅನುಮತಿಸಿದಾಗ ಮಾತ್ರ.

ಮೂರನೆಯದು ವಿಕಿಪೀಡಿಯ ನಡೆಯುವ ಮೀಡಿಯಾವಿಕಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲಾಗಿನ್ ಆದ ಯಾರೇ ಆಗಲಿ ಮೊನೊಬುಕ್, ಹಳೆಯ ವೆಕ್ಟರ್, ವೆಕ್ಟರ್ 2022, ಟೈಮ್‌ಲೆಸ್ ಮುಂತಾದ ಹೊದಿಕೆಗಳಲ್ಲಿ, ಅಂದರೆ ಥೀಮ್‌ಗಳಲ್ಲಿ, ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಭಾಷೆಯನ್ನೂ ಫಾಂಟನ್ನೂ ಆರಿಸುವ ಸಲಕರಣೆ ಬೇರೆಯಾಗಿಯೇ ಇದೆ. ಮೆನುಗಳ ಕನ್ನಡವನ್ನು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಸ್ವಯಂಸೇವಕರು ಬರೆದಿದ್ದಾರೆ. ಜಹೀರಾಬಾದಿನಲ್ಲಿ ಕುಳಿತ ಕನ್ನಡದ ವಿದ್ಯಾರ್ಥಿಗೆ ಬೆಂಗಳೂರಿನ ಓದುಗನಿಗಿರುವಷ್ಟೇ ಆಯ್ಕೆ ಇಲ್ಲಿದೆ. ಸಾರ್ವಜನಿಕ ಸೇವೆಯ ತಾಣಗಳಿಗೆ ಮಾದರಿಯಾಗಬೇಕಾದದ್ದು ಈ ಮೂರನೆಯ ದಾರಿ.

ಟೆಂಪ್ಲೇಟಿನ ಒಳಗೆ

ಟೆಂಪ್ಲೇಟ್ ಎಂದರೆ ಪುಟದ ಅಚ್ಚು. ತಲೆಬರಹ ಇಲ್ಲಿ, ಅರ್ಜಿಯ ಖಾನೆಗಳು ಅಲ್ಲಿ, ಗುಂಡಿ ಕೆಳಗೆ ಎಂದು ಒಮ್ಮೆ ಬರೆದಿಟ್ಟರೆ ಜ್ಯಾಂಗೊ, ಜಿಂಜ, ಟ್ವಿಗ್ ಮುಂತಾದ ಸಲಕರಣೆಗಳು ಅದರಲ್ಲಿ ಆಯಾ ವ್ಯಕ್ತಿಯ ಮಾಹಿತಿ ತುಂಬಿ ಕಳಿಸುತ್ತವೆ. ಈ ಅಚ್ಚಿಗೆ ಥೀಮ್ ಕೂಡಿಸುವ ವಿಧಾನಗಳು ಮುಖ್ಯವಾಗಿ ಮೂರು.

ಮೊದಲನೆಯದರಲ್ಲಿ ಪ್ರತಿ ಥೀಮ್‌ಗೂ ಬೇರೆ ಟೆಂಪ್ಲೇಟುಗಳೇ ಇರುತ್ತವೆ. ಸರ್ವರ್ ಮೊದಲು ಆರಿಸಿದ ಥೀಮಿನ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮೂಲ ಫೋಲ್ಡರಿಗೆ ಹೋಗುತ್ತದೆ. ಪುಟದ ರಚನೆಯನ್ನೇ ಬದಲಿಸಬೇಕಾದಾಗ ಇದು ಬೇಕು. ಆದರೆ ಮೂಲದ ಅರ್ಜಿಗೆ ಹೊಸ ಖಾನೆಯೊಂದು ಸೇರಿದಾಗ ಥೀಮಿನ ಪ್ರತಿ ಹಿಂದೆ ಉಳಿದುಬಿಡುತ್ತದೆ. ಆ ಥೀಮ್ ಆರಿಸಿದವರ ಅರ್ಜಿ ಅಪೂರ್ಣವಾಗುತ್ತದೆ. ಎರಡನೆಯದು ಟೆಂಪ್ಲೇಟ್ ಒಂದೇ, ಸ್ಟೈಲ್‌ಶೀಟ್ ಹಲವು. ಇದು ಸರಳ, ಆದರೆ ನಿಯಮಗಳೆಲ್ಲ ಮತ್ತೆ ಮತ್ತೆ ಬರೆಯಲ್ಪಟ್ಟು ಕಡತಗಳು ಒಂದಕ್ಕೊಂದು ತಾಳೆಯಾಗದೆ ಹೋಗುತ್ತವೆ.

ಮೂರನೆಯದು ಸಿಎಸ್ಎಸ್ ಚರಗಳ ವಿಧಾನ. 2017ರ ಹೊತ್ತಿಗೆ ಮುಖ್ಯ ಬ್ರೌಸರುಗಳೆಲ್ಲ ಇದನ್ನು ಅರಿತುಕೊಂಡವು. ಇಲ್ಲಿ ಹಿನ್ನೆಲೆ, ಮುಖ್ಯ ಪಠ್ಯ, ಎಚ್ಚರಿಕೆ, ಗೆರೆ, ಸಾಲಿನ ಎತ್ತರ ಎಂದು ಪ್ರತಿ ಪಾತ್ರಕ್ಕೂ ಒಂದು ಹೆಸರು ಕೊಡುತ್ತಾರೆ. ಥೀಮ್ ಬದಲಾಯಿಸುವುದೆಂದರೆ ಎಚ್‌ಟಿಎಂಎಲ್‌ನ ಬೇರಿನ ಮೇಲೆ ಒಂದು ಗುರುತು ಬದಲಿಸಿ ಆ ಹೆಸರುಗಳಿಗೆ ಹೊಸ ಬೆಲೆ ಕೊಡುವುದು, ಅಷ್ಟೆ. ಕಂಬ, ತೊಲೆ ಮುಟ್ಟದೆ ಗೋಡೆಗೆ ಹೊಸ ಸುಣ್ಣ ಬಳಿದಂತೆ ಇದು. ಒಂದು ಎಚ್ಚರ ಮಾತ್ರ ಬೇಕು: ಹೆಸರು ಪಾತ್ರದ್ದಿರಬೇಕು, ಬಣ್ಣದ್ದಲ್ಲ. ‘ನೀಲಿ’ ಎಂಬ ಚರ ಕಪ್ಪು ಥೀಮಿನಲ್ಲಿ ಹಳದಿಯಾದರೆ ಮುಂದೆ ಕೆಲಸಕ್ಕೆ ಬರುವವರು ದಾರಿ ತಪ್ಪುತ್ತಾರೆ. ಟೆಂಪ್ಲೇಟಿನೊಳಗೆ ನೇರವಾಗಿ ಬರೆದ ಒಂದೊಂದು ಬಣ್ಣವೂ ಮುಂದೊಂದು ದಿನ ಯಾರಿಗೋ ಕಾಣದ ಗುಂಡಿಯಾಗುತ್ತದೆ.

ಆಯ್ಕೆಯನ್ನು ನೆನಪಿಡುವುದೆಲ್ಲಿ

ಆರಿಸಿದ್ದನ್ನು ಖಾತೆಯಲ್ಲಿ ಬರೆದಿಡಬಹುದು, ಕುಕಿಯಲ್ಲಿಡಬಹುದು, ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿಡಬಹುದು. ಖಾತೆಯಲ್ಲಿಟ್ಟರೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ರೂಪ ಸಿಗುತ್ತದೆ, ಆದರೆ ಲಾಗಿನ್ ಆಗಲೇಬೇಕು. ಸರ್ವರೇ ಥೀಮ್ ನೋಡಿ ಪುಟ ತಯಾರಿಸಿದರೆ ಒಬ್ಬರಿಗೆ ತಯಾರಾದ ಪುಟವನ್ನು ಕ್ಯಾಶ್‌ನಿಂದ ಇನ್ನೊಬ್ಬರಿಗೆ ಕೊಡಲಾಗದು. ಲಕ್ಷಗಟ್ಟಲೆ ಜನ ಫಲಿತಾಂಶ ನೋಡುವ ದಿನ ಇದು ದೊಡ್ಡ ಹೊರೆ. ವಿಕಿಪೀಡಿಯ ಲಾಗಿನ್ ಆಗದವರಿಗೆ ಪೂರ್ಣ ಹೊದಿಕೆಯ ಆಯ್ಕೆ ಕೊಡದಿರುವುದಕ್ಕೆ ಕಾರಣ ಇದೇ. ವೆಕ್ಟರ್ 2022 ಅದಕ್ಕೊಂದು ಪರಿಹಾರ ಕಂಡುಕೊಂಡಿತು: ಎಲ್ಲರಿಗೂ ಒಂದೇ ಪುಟ ಕಳಿಸಿ, ಅಕ್ಷರದ ಗಾತ್ರ ಮತ್ತು ಬಣ್ಣದ ಆಯ್ಕೆಯನ್ನು ಓದುಗರ ಬ್ರೌಸರಿನಲ್ಲೇ ಜಾರಿಮಾಡುವುದು. 2024ರಲ್ಲಿ ಬಂದ ಅಲ್ಲಿನ ಕಪ್ಪು ಬಣ್ಣದ ಆಯ್ಕೆ ಲಾಗಿನ್ ಇಲ್ಲದವರಿಗೂ ಸಿಕ್ಕದ್ದು ಹೀಗೆ.

ಬ್ರೌಸರಿನಲ್ಲಿ ಜಾರಿಮಾಡುವಾಗ ಆಯ್ಕೆಯನ್ನು ಓದುವ ಪುಟ್ಟ ಸ್ಕ್ರಿಪ್ಟ್ ಪುಟದ ತಲೆಯಲ್ಲೇ ಇರಬೇಕು, ಪರದೆಯ ಮೇಲೆ ಮೊದಲ ಗೆರೆ ಬೀಳುವ ಮುಂಚೆ ಓಡಬೇಕು. ಕೊನೆಯಲ್ಲಿಟ್ಟರೆ ಬಿಳಿ ಪುಟ ಒಮ್ಮೆ ಕಣ್ಣಿಗೆ ಹೊಡೆದು ಆಮೇಲೆ ಕಪ್ಪಾಗುತ್ತದೆ. ಬೆಳಕು ಸಹಿಸದ ಕಣ್ಣಿನವರಿಗೆ ಆ ಒಂದು ಕ್ಷಣವೇ ನೋವು. ಸ್ಕ್ರಿಪ್ಟ್ ಓಡದ ಫೋನಿನಲ್ಲೂ ಪುಟ ಓದುವಂತಿರಬೇಕು.

ಭದ್ರತೆಯ ಮಾತೂ ಇದೆ. ಬಳಕೆದಾರರಿಂದ ಬಂದ ಥೀಮಿನ ಹೆಸರನ್ನು ಹಾಗೆಯೇ ಕಡತದ ದಾರಿಯಾಗಿ ಬಳಸಿದರೆ ಸರ್ವರಿನ ಬೇರೆ ಕಡತಗಳಿಗೆ ಕನ್ನ ಬೀಳಬಹುದು. ಮುಂಚೆಯೇ ಗೊತ್ತುಮಾಡಿದ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ನೋಡಿಯೇ ಸ್ವೀಕರಿಸಬೇಕು. ತಮ್ಮದೇ ಸಿಎಸ್ಎಸ್ ಬರೆದು ಎಲ್ಲರಿಗೂ ತೋರಿಸುವ ಅವಕಾಶವಂತೂ ಸೇವಾತಾಣಗಳಲ್ಲಿ ಬೇಡ; ಖಾನೆಗಳಲ್ಲಿನ ಮಾಹಿತಿಯನ್ನು ಹೊರಕ್ಕೆ ಸೋರಿಸುವ ಸಿಎಸ್ಎಸ್ ಬರೆಯಲು ಸಾಧ್ಯ.

ನಮ್ಮ ಸೀಮೆಗೇ ಸಲ್ಲುವ ಇನ್ನೊಂದು ಸಂಗತಿಯಿದೆ. ಪಾಶ್ಚಾತ್ಯ ಕೈಪಿಡಿಗಳು ಒಬ್ಬರಿಗೊಂದು ಯಂತ್ರ ಎಂದುಕೊಂಡು ಬರೆದವು. ಇಲ್ಲಿ ಸರ್ಕಾರಿ ಸೇವೆ ಕೊಡುವ ಮೀಸೇವಾ ಕೇಂದ್ರದ ಒಂದೇ ಕಂಪ್ಯೂಟರಿನ ಮುಂದೆ ದಿನವಿಡೀ ಹತ್ತಾರು ಜನರ ಕೆಲಸ ನಡೆಯುತ್ತದೆ, ಮನೆಯಲ್ಲಿ ಒಂದೇ ಫೋನು ಮೂರು ಕೈ ದಾಟುತ್ತದೆ. ಒಬ್ಬರು ಇಟ್ಟ ದೊಡ್ಡಕ್ಷರ, ಕಪ್ಪು ಹಿನ್ನೆಲೆ ಮುಂದಿನವರಿಗೆ ಅಂಟಿಕೊಳ್ಳಬಾರದು. ಹಾಗಾಗಿ ಸೇವಾಕೇಂದ್ರದಲ್ಲಿ ಆಯ್ಕೆ ಆ ಸೆಷನ್ ಮುಗಿಯುವವರೆಗೆ ಮಾತ್ರ ಉಳಿಯಬೇಕು, ಮೊದಲಿನಂತೆ ಮಾಡುವ ಗುಂಡಿ ಪ್ರತಿ ಪುಟದಲ್ಲೂ ಕಾಣಬೇಕು. ಅಲ್ಲಿಂದ ಹೊರಬರುವುದು ಕೊನೆಗೆ ಮುದ್ರಿತ ಕಾಗದ. ಪರದೆಯ ಥೀಮ್ ಯಾವುದೇ ಇರಲಿ, ಮುದ್ರಣಕ್ಕೆ ಬಿಳಿ ಮೇಲೆ ಕಪ್ಪು ಎಂಬ ಪ್ರತ್ಯೇಕ ನಿಯಮ ಇರಲೇಬೇಕು.

ಬೆಳಕೋ ಕತ್ತಲೋ

2018ರಲ್ಲಿ ಮ್ಯಾಕ್ ಕಂಪ್ಯೂಟರಿಗೆ, 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13ಕ್ಕೆ ಡಾರ್ಕ್ ಮೋಡ್ ಬಂತು. ಸಾಧನದಲ್ಲಿ ಆರಿಸಿದ್ದನ್ನು ಜಾಲಪುಟವೂ ತಿಳಿಯುವ ವ್ಯವಸ್ಥೆ ಅದೇ ವರ್ಷ ಮುಖ್ಯ ಬ್ರೌಸರುಗಳಿಗೆ ಸೇರಿತು. ಆಮೇಲೆ ಥೀಮ್ ಎಂದರೆ ಕಪ್ಪು-ಬಿಳುಪು ಎನ್ನುವಂತಾಯಿತು. ಯಾವುದು ಒಳ್ಳೆಯದು? ಡುಸೆಲ್ಡಾರ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರೂ ವೃದ್ಧರೂ ಬಿಳಿ ಹಿನ್ನೆಲೆಯ ಕಪ್ಪಕ್ಷರವನ್ನೇ ಚೆನ್ನಾಗಿ ಗುರುತಿಸಿದರು. ಆದರೆ ಕಣ್ಣಿನ ಪೊರೆ ಇರುವ ಹಲವರಿಗೆ, ಬೆಳಕು ಚುಚ್ಚುವವರಿಗೆ ಕಪ್ಪು ಹಿನ್ನೆಲೆಯೇ ಹಿತ. ಬ್ಯಾಟರಿ ಉಳಿಯುತ್ತದೆ ಎಂಬುದೂ ಅರ್ಧ ಸತ್ಯ. ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ತೋರಿಸಿದಂತೆ, ಒಎಲ್ಇಡಿ ಪರದೆಯಲ್ಲಿ ಬೆಳಕು ಶೇ. 30ರಿಂದ 50ರಷ್ಟಿದ್ದಾಗ ಉಳಿತಾಯ ಶೇ. 3ರಿಂದ 9 ಮಾತ್ರ. ಎಲ್‌ಸಿಡಿ ಪರದೆಯ ಅಗ್ಗದ ಫೋನಿನಲ್ಲಿ ಹಿಂಬದಿಯ ದೀಪ ಹೇಗೂ ಉರಿಯುತ್ತಲೇ ಇರುವುದರಿಂದ ಲಾಭವಿಲ್ಲ.

ತಾಂಡೂರಿನ ತೊಗರಿ ಹೊಲದಲ್ಲಿ, ನಡುಹಗಲ ಬಿಸಿಲಿನಲ್ಲಿ ಫೋನ್ ನೋಡುವವರಿಗೆ ಬಿಳಿ ಹಿನ್ನೆಲೆ ಬೇಕು. ಅವರೇ ರಾತ್ರಿ ಮನೆಯಲ್ಲಿ ನೋಡುವಾಗ ಕಪ್ಪು ಬೇಕಾಗಬಹುದು. ಎಲ್ಲರಿಗೂ ಎಲ್ಲ ಹೊತ್ತಿಗೂ ಒಪ್ಪುವ ಒಂದು ಥೀಮ್ ಇಲ್ಲ. ಆಯ್ಕೆ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಆದರೆ ಯಾವ ಥೀಮ್ ಆದರೂ ದಾಟಬೇಕಾದ ಗೆರೆಯೊಂದಿದೆ. ಜಾಲದ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ 4.5:1, ದೊಡ್ಡ ಪಠ್ಯಕ್ಕೆ 3:1 ವರ್ಣವ್ಯತ್ಯಾಸ ಕೇಳುತ್ತದೆ. ಬಣ್ಣವೊಂದರಿಂದಲೇ ಅರ್ಥ ತಿಳಿಸಬಾರದು ಎನ್ನುತ್ತದೆ. ‘ಮಂಜೂರು’ ಹಸಿರು, ‘ತಿರಸ್ಕೃತ’ ಕೆಂಪು ಎಂದಷ್ಟೇ ಬಿಟ್ಟರೆ ಕೆಂಪು-ಹಸಿರು ಬೇರ್ಪಡಿಸಲಾಗದವರಿಗೆ ಎರಡೂ ಒಂದೇ. ಪಕ್ಕದಲ್ಲಿ ಪದವೂ ಇರಬೇಕು. ನಮ್ಮಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿದೆ. 2009ರಲ್ಲಿ ಮೊದಲು ಬಂದು 2023ರಲ್ಲಿ ಮೂರನೆಯ ಆವೃತ್ತಿ ಕಂಡ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯಿದೆ. ಅನೇಕ ಸರ್ಕಾರಿ ತಾಣಗಳ ನೆತ್ತಿಯ ಮೇಲೆ ಅಕ್ಷರ ಹಿಗ್ಗಿಸುವ, ಕುಗ್ಗಿಸುವ, ಬಣ್ಣ ಬದಲಿಸುವ ಪುಟ್ಟ ಗುಂಡಿಗಳು ಕಾಣುವುದು ಈ ಹಾದಿಯ ಫಲ. ಒಳ್ಳೆಯ ಆರಂಭ, ಆದರೆ ಆ ಆಯ್ಕೆ ತಲೆಬರಹದಲ್ಲಿ ನಿಲ್ಲದೆ ಅರ್ಜಿಯ ಕೊನೆಯ ಖಾನೆಯವರೆಗೆ ನಡೆಯಬೇಕು.

ಕನ್ನಡದ ಅಕ್ಷರ ಕೇಳುವುದೇನು

ಸಿದ್ಧ ಥೀಮ್‌ಗಳು ಬಹುಪಾಲು ರೋಮನ್ ಅಕ್ಷರಕ್ಕೆ ಅಳೆದು ಹೊಲಿದವು. ಕನ್ನಡ ಹಾಕಿದ ಕೂಡಲೇ ಅವುಗಳ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಕನ್ನಡದ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ‘ಕ್ಕಿ’ಯಲ್ಲಿ ಗುಡಿಸು ಮೇಲೆ, ಒತ್ತು ಕೆಳಗೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒಂದು ಒತ್ತಿಗೆ ಇನ್ನೊಂದು ಒತ್ತು ಜೊತೆಯಾಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇಟ್ಟ ಥೀಮಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. ಎತ್ತರ ಗೊತ್ತುಮಾಡಿದ ಗುಂಡಿಗಳಲ್ಲಿ ಒತ್ತಕ್ಷರದ ಬುಡವೇ ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ 1.6ರಿಂದ 1.8 ಪಟ್ಟು ಬಿಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಗುಂಡಿಯ ಎತ್ತರ ಪಠ್ಯದೊಡನೆ ಬೆಳೆಯುವಂತಿರಬೇಕು. ಅಗಲವೂ ಹಾಗೆಯೇ, ‘ನೋಂದಾಯಿಸಿಕೊಳ್ಳಿ’ ಎಂಬ ಒಂದೇ ಪದ ಇಂಗ್ಲಿಷಿನ ಪುಟ್ಟ ಗುಂಡಿಯಲ್ಲಿ ಹಿಡಿಸದು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಎರಡು ಜಾತಿಯಿಲ್ಲ. ಉಪಶೀರ್ಷಿಕೆಯನ್ನು ಕ್ಯಾಪಿಟಲ್ ಅಕ್ಷರದಿಂದ ಮಾತ್ರ ಬೇರ್ಪಡಿಸುವ ಥೀಮ್ ಕನ್ನಡಕ್ಕೆ ಬಂದಾಗ ಶೀರ್ಷಿಕೆಯೂ ಪಠ್ಯವೂ ಒಂದಾಗಿಬಿಡುತ್ತವೆ. ಇಟಾಲಿಕ್ ಎಂಬುದೂ ನಮ್ಮ ಅಕ್ಷರಸಂಪ್ರದಾಯದ್ದಲ್ಲ. ಬ್ರೌಸರ್ ಬಲವಂತವಾಗಿ ವಾಲಿಸಿದ ಕನ್ನಡ ಓದಲು ತೊಡಕು. ಒತ್ತುಕೊಡಲು ತೂಕ, ಬಣ್ಣ, ಗೆರೆ ಬಳಸಬೇಕು. ಸಣ್ಣ ಗಾತ್ರದಲ್ಲಿ ದಪ್ಪ ಕನ್ನಡ ಬಳಸಿದರೆ ‘ಠ’, ‘ಧ’, ‘ಥ’ಗಳ ಒಳಗಿನ ಚುಕ್ಕೆ, ಗೆರೆ ಮುಚ್ಚಿಹೋಗುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಹರಡಿದಂತೆ ಕಾಣುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ಕಪ್ಪು ಥೀಮಿಗೆ ಸ್ವಲ್ಪ ತೆಳುವಾದ ತೂಕ, ಅಪ್ಪಟ ಬಿಳಿಗಿಂತ ಮಾಸಲು ಬಿಳಿ ಒಳ್ಳೆಯದು.

ಫಾಂಟುಗಳ ಕೊರತೆ ಈಗಿಲ್ಲ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ, ನವಿಲು, ಗುಬ್ಬಿ ಎಲ್ಲವೂ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಥೀಮ್ ಕಟ್ಟುವವರು ತೆಲುಗು ಫಾಂಟಿನ ಹೆಸರೊಂದನ್ನೇ ಬರೆದು ಕೈತೊಳೆದುಕೊಂಡರೆ ಕನ್ನಡ ಪಠ್ಯಕ್ಕೆ ಫೋನಿನಲ್ಲಿ ಕೈಗೆ ಸಿಕ್ಕ ಫಾಂಟು ಬಂದು ಕೂರುತ್ತದೆ, ಪುಟದ ಅಳತೆ ಕೆಡುತ್ತದೆ. ಪ್ರತಿ ಭಾಷೆಗೂ ಅದರ ಫಾಂಟು, ಅದರ ಸಾಲಿನ ಎತ್ತರ ಎಂದು ಥೀಮಿನಲ್ಲೇ ಬರೆಯಬೇಕು. ಟೆಂಪ್ಲೇಟ್ ಪ್ರತಿ ತುಣುಕಿನ ಮೇಲೂ ಇದು ಯಾವ ಭಾಷೆ ಎಂದು ಗುರುತು ಹಾಕಬೇಕು. ಆ ಗುರುತಿದ್ದರೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶವೂ ಸರಿಯಾದ ಧ್ವನಿ ಆರಿಸಿಕೊಳ್ಳುತ್ತದೆ.

ಲಿಪಿಯೂ ಒಂದು ಆಯ್ಕೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಪರಿಸ್ಥಿತಿ ನಮ್ಮನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ತೆಲುಗನ್ನು ಸರಾಗವಾಗಿ ಆಡುವ, ಆದರೆ ಕನ್ನಡ ಲಿಪಿಯಲ್ಲಿ ಮಾತ್ರ ಓದಲು ಕಲಿತವರು ಈ ಗಡಿಯಲ್ಲಿದ್ದಾರೆ. ಅವರಿಗೆ ಬೇಕಾದದ್ದು ಅನುವಾದಕ್ಕಿಂತ ಮೊದಲು ಲಿಪಿ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳನ್ನು ಇಸ್ಕಿ ಸಂಕೇತದ ಕ್ರಮವನ್ನು ಅನುಸರಿಸಿ ಜೋಡಿಸಿರುವುದರಿಂದ ತೆಲುಗಿನ ‘ಕ’ 3093ನೇ ಸ್ಥಾನದಲ್ಲಿದ್ದರೆ ಕನ್ನಡದ ‘ಕ’ 3221ರಲ್ಲಿದೆ; ‘ಖ’, ‘ಗ’ಗಳಿಗೂ ಅದೇ 128ರ ಅಂತರ. ಕೆಲವು ಅಪವಾದಗಳನ್ನು ಬಿಟ್ಟರೆ ತೆಲುಗು ಲಿಪಿಯಲ್ಲಿರುವ ಹೆಸರು, ಊರು, ಸರ್ವೆ ವಿವರಗಳನ್ನು ಕನ್ನಡ ಲಿಪಿಯಲ್ಲಿ ತೋರಿಸುವುದು ಕೂಡುವ ಲೆಕ್ಕದಷ್ಟು ಸುಲಭ. ಸರ್ಬಿಯನ್ ವಿಕಿಪೀಡಿಯ ಒಂದೇ ಲೇಖನವನ್ನು ಸಿರಿಲಿಕ್ ಮತ್ತು ಲ್ಯಾಟಿನ್ ಎರಡೂ ಲಿಪಿಯಲ್ಲಿ ಓದುವ ಆಯ್ಕೆಯನ್ನು ಓದುಗರಿಗೆ ಕೊಟ್ಟಿದೆ. ದಾಖಲೆಯ ಮೂಲ ತೆಲುಗಿನಲ್ಲೇ ಇರಲಿ, ಕಾನೂನಿಗೆ ಅದೇ ಆಧಾರವಾಗಲಿ. ಪಕ್ಕದಲ್ಲಿ ಓದಲು ಕನ್ನಡ ಲಿಪಿ ಇದ್ದರೆ ರೈತನಿಗೆ ತನ್ನ ಪಹಣಿಯ ಹೆಸರು ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳಲು ಸಾಧ್ಯವಾಗುತ್ತದೆ.

ಉರ್ದು 2017ರಿಂದ ತೆಲಂಗಾಣದ ಎರಡನೆಯ ಅಧಿಕೃತ ಭಾಷೆ. ಬಲದಿಂದ ಎಡಕ್ಕೆ ಹರಿಯುವ ಆ ಲಿಪಿಗಾಗಿ ಟೆಂಪ್ಲೇಟಿನಲ್ಲಿ ‘ಎಡ’, ‘ಬಲ’ ಎಂದು ಬರೆಯದೆ ‘ಆರಂಭ’, ‘ಕೊನೆ’ ಎಂದು ಬರೆಯುವ ಶಿಸ್ತು ಬೇಕು. ನಸ್ತಾಲೀಕ್ ಶೈಲಿಗೆ ಕನ್ನಡಕ್ಕಿಂತಲೂ ಎತ್ತರದ ಸಾಲು ಬೇಕು. ಉರ್ದುವಿಗೆ ಜಾಗ ಬಿಟ್ಟು ಕಟ್ಟಿದ ಟೆಂಪ್ಲೇಟಿನಲ್ಲಿ ಕನ್ನಡಕ್ಕೆ ತಾನಾಗಿ ಜಾಗವಿರುತ್ತದೆ. ಈ ಸೀಮೆಯ ಭಾಷೆಗಳು ಒಂದಕ್ಕೊಂದು ಎದುರಾಳಿಗಳಲ್ಲ ಎಂಬುದಕ್ಕೆ ಟೆಂಪ್ಲೇಟಿನಲ್ಲೂ ಸಾಕ್ಷಿಯಿದೆ.

ತಮ್ಮ ಭಾಷೆ, ಲಿಪಿಯಲ್ಲಿ ಓದುವ ಅವಕಾಶ ಬೇಡಿಕೊಳ್ಳಬೇಕಾದ ಸೌಜನ್ಯವಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಬಗ್ಗೆ, 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಬಗ್ಗೆ ಹೇಳುತ್ತವೆ. ಜನಸಂಖ್ಯೆಯ ಶೇ. 15ರಷ್ಟು ಮಂದಿ ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳು ಬರಬೇಕೆಂಬುದು ಒಪ್ಪಿತ ರಕ್ಷಣೆಗಳಲ್ಲೊಂದು. ಆ ರಕ್ಷಣೆಗಳು ರೂಪುಗೊಂಡಾಗ ಪ್ರಕಟಣೆ ಎಂದರೆ ಕಚೇರಿಯ ಗೋಡೆಗೆ ಅಂಟಿಸಿದ ಕಾಗದ. ಇಂದು ಆ ಗೋಡೆಯೇ ಟೆಂಪ್ಲೇಟ್.

ಆಕ್ಷೇಪ ಮತ್ತು ದಾರಿ

ಥೀಮ್ ಹೆಚ್ಚಿದಷ್ಟೂ ಪರೀಕ್ಷೆಯ ಹೊರೆ ಹೆಚ್ಚುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಐದು ಥೀಮ್, ನಾಲ್ಕು ಭಾಷೆ, ಮೂರು ಗಾತ್ರ ಎಂದರೆ ಪ್ರತಿ ಪುಟಕ್ಕೂ 60 ರೂಪ. ಆದ್ದರಿಂದ ಥೀಮ್‌ಗಳು ಕಡಿಮೆಯಿರಲಿ, ಪಕ್ಕಾ ಇರಲಿ. ಬಿಳಿ, ಕಪ್ಪು, ಗಾಢ ವ್ಯತ್ಯಾಸದ್ದು ಎಂಬ ಮೂರು ಸಾಕು. ಜೊತೆಗೆ ‘ನನ್ನ ಫೋನಿನಂತೆ’ ಎಂಬ ಆಯ್ಕೆ. ಬಣ್ಣ, ಗಾತ್ರ, ಭಾಷೆ, ಲಿಪಿ ಇವು ನಾಲ್ಕೂ ಒಂದಕ್ಕೊಂದು ಅಂಟಿಕೊಳ್ಳದ ಬೇರೆ ಬೇರೆ ಆಯ್ಕೆಗಳಾಗಿರಲಿ. ಓದುಗರು ಆರಿಸಿದ್ದು ಮೊದಲು, ಸಾಧನ ಹೇಳಿದ್ದು ಆಮೇಲೆ, ತಾಣದ ರೂಢಿ ಕೊನೆಗೆ ಎಂಬ ಕ್ರಮ ಎಲ್ಲೂ ತಪ್ಪದಿರಲಿ. ಪಾತ್ರಕ್ಕೊಂದು ಹೆಸರಿಟ್ಟು ಕಟ್ಟಿದ ಟೆಂಪ್ಲೇಟಿನಲ್ಲಿ ವರ್ಣವ್ಯತ್ಯಾಸವನ್ನು ಯಂತ್ರವೇ ಪರೀಕ್ಷಿಸಬಲ್ಲದು. ‘ರಾಷ್ಟ್ರ’, ‘ಸ್ತ್ರೀ’, ‘ನೋಂದಾಯಿಸಿಕೊಳ್ಳಿ’ಯಂಥ ಕಠಿಣ ಪದಗಳ ಒಂದು ಪುಟವನ್ನು ಪ್ರತಿ ಬಿಡುಗಡೆಗೂ ಮುಂಚೆ ಕಣ್ಣಿಂದ ನೋಡಿದರೆ ಕನ್ನಡದ ದೋಷಗಳು ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ.

ಎಲ್ಲವನ್ನೂ ಒಮ್ಮೆಲೇ ಮಾಡಲಾಗದಿದ್ದರೆ ಎಲ್ಲಿಂದ ಶುರುಮಾಡಬೇಕು? ನಗರದ ತಂಡಗಳು ಕಪ್ಪು ಥೀಮಿನಿಂದ ಶುರುಮಾಡುತ್ತವೆ, ಏಕೆಂದರೆ ಅವರ ಬಳಕೆದಾರರು ಕೇಳುವುದು ಅದನ್ನೇ. ಗಡಿಯ ಊರುಗಳಿಗೆ ಕ್ರಮ ತಿರುಗಬೇಕು: ಮೊದಲು ಲಿಪಿ, ಆಮೇಲೆ ಅಕ್ಷರದ ಗಾತ್ರ ಮತ್ತು ಸಾಲಿನ ಎತ್ತರ, ಕೊನೆಗೆ ಬಣ್ಣ. ಓದಲು ಬಾರದ ಲಿಪಿಯ ಪುಟಕ್ಕೆ ಎಷ್ಟು ಚೆಂದದ ಬಣ್ಣ ಹಚ್ಚಿದರೂ ಅದು ಓದಲು ಬಾರದ ಪುಟವೇ. ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳ ಸೇವಾತಾಣಗಳನ್ನು ಮುಂದಿನ ಬಾರಿ ಹೊಸದಾಗಿ ಕಟ್ಟುವಾಗ ಟೆಂಡರಿನ ಷರತ್ತುಗಳಲ್ಲೇ ಈ ಕ್ರಮವನ್ನು ಬರೆಸುವುದು ಸಾಧ್ಯ. ಕನ್ನಡದ ಸಂಘಟನೆಗಳು ಮನವಿಪತ್ರಗಳಲ್ಲಿ ನಾಮಫಲಕದ ಬೇಡಿಕೆಯ ಜೊತೆಗೆ ಇದನ್ನೂ ಸೇರಿಸಬೇಕು. ಕನ್ನಡ ಬಲ್ಲ ತಂತ್ರಜ್ಞರು ಮುಕ್ತ ಟೆಂಪ್ಲೇಟುಗಳಿಗೆ ಈ ನಿಯಮಗಳನ್ನು ಬರೆದು ಕೊಡಬೇಕು. ಖರ್ಚು ದೊಡ್ಡದಲ್ಲ, ತಂತ್ರ ಕೈಯಲ್ಲಿದೆ, ಮಾದರಿ ಕಣ್ಣ ಮುಂದಿದೆ. ಗಡಿಯಾಚೆಯ ಕನ್ನಡ ಓದುಗರನ್ನೂ ಲೆಕ್ಕಕ್ಕೆ ಹಿಡಿದು ಮೊದಲ ಸಾಲು ಬರೆಯುವ ಮನಸ್ಸು ಬೇಕು.